ಹಾಡು ಬರೆಯೋರಿಗೆ ಸುಲಿಯೋ ಮಷೀನಿನ ಉಸಾಬರಿ ಯಾಕೆ?

ಶಿವಮೊಗ್ಗದ ಸಾಗರದ ಕಡೆ ಮದುವೆ ಊಟಕ್ಕೆ ಕೂತರೆ ಸಾಕು, ಅಪ್ಪೆಹುಳಿ ಬರುವಷ್ಟರಲ್ಲಿ ಪಕ್ಕದವರು ಕೇಳಿಬಿಡುತ್ತಾರೆ: “ಅಲ್ಲ ಮಾರಾಯ್ರೆ, ಭಾವಗೀತೆ ಬರೀತೀರಿ, ಪೇಪರಿಗೆ ಅಂಕಣ ಬರೀತೀರಿ, ಅಡಿಕೆ ಸುಲಿಯೋ ಮಷೀನಿಗೂ ಕೈ ಹಾಕ್ತೀರಿ. ಒಂದರಲ್ಲೇ ನಿಲ್ಲಬಾರದಾ?”

ನಿಲ್ಲಬಹುದಿತ್ತು. ಆದರೆ ಹಾಡು ಕೆಟ್ಟಿದೆ ಅಂತ ನಮ್ಮಲ್ಲಿ ಯಾರೂ ಎದುರಿಗೆ ಹೇಳುವುದಿಲ್ಲ. ಮಷೀನಿಗೆ ಆ ದಾಕ್ಷಿಣ್ಯ ಇಲ್ಲ. ಬ್ಲೇಡಿನ ಸಂದು ಕೂದಲೆಳೆಯಷ್ಟು ಬಿಗಿಯಾದರೆ ಹಸಿ ಅಡಿಕೆಗೆ ಗೀರು, ಸಡಿಲವಾದರೆ ಸಿಪ್ಪೆ ಹಾಗೇ. ಗೀರು ಬಿದ್ದದ್ದನ್ನು ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ನೀರು) ಕೊಟ್ಟು ಒಣಗಿಸಿದರೂ ಅಡಿಕೆ ಮಂಡಿಯವರ ಕಣ್ಣು ತಪ್ಪಿಸಲಾಗದು.

ಈಗ ಹಾಡನ್ನೂ ಹಾಗೇ ಪರೀಕ್ಷೆಗೆ ಹಚ್ಚುತ್ತೇನೆ. ಏನೂ ವಿವರಿಸದೆ ಹಾಡುವವರ ಕೈಗೆ ಕೊಡುವುದು. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆ ಯಕ್ಷಗಾನ ನೋಡಿ ಬೆಳೆದವರ ಕಿವಿಯಲ್ಲೇ ಇರುತ್ತದೆ. ಒಂದು ಮಾತ್ರೆ ಹೆಚ್ಚಾದಲ್ಲಿ ಅವರು ಅಕ್ಷರ ನುಂಗುತ್ತಾರೆ. ನಾನು ಅಲ್ಲಿ ಗೆರೆ ಹಾಕುತ್ತೇನೆ.

ಹಾಡಿನವರು ಯಂತ್ರಕ್ಕೆ ಕೈ ಹಾಕುವುದೇನು ಹೊಸತಲ್ಲ. ಅಮೆರಿಕದ ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಪತ್ರಿಕೆಗೆ ಪ್ರೇಮ ಸಲಹೆಯ ಅಂಕಣ ಬರೆದವನು, ನಟಿ ಹೆಡಿ ಲಮಾರ್ ಜೊತೆ 1942ರಲ್ಲಿ ಪೇಟೆಂಟನ್ನೂ ಪಡೆದವನು. ಟಾರ್ಪಿಡೋ ನಡೆಸುವ ರೇಡಿಯೋ ಸಂಕೇತ ಶತ್ರುವಿಗೆ ಸಿಗದಂತೆ ಆವರ್ತನ ಬದಲಿಸುತ್ತಾ ಹೋಗುವ ಉಪಾಯ ಅದು. ತಾನೇ ನುಡಿಯುವ ಪಿಯಾನೋದಲ್ಲಿ ಯಾವ ಸ್ವರ ಯಾವಾಗ ಅಂತ ಹೇಳುವ ತೂತುಕಾಗದದ ಸುರುಳಿಯೇ ಅದಕ್ಕೆ ಮಾದರಿ. ಆವರ್ತನಗಳೂ ಪಿಯಾನೋದ ಮನೆಗಳಷ್ಟೇ, 88. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಅದನ್ನು ಬಳಸಲೇ ಇಲ್ಲ, ಪಾಪ.

ನನಗೆ ಇರಿಸುಮುರಿಸು ಬೇರೆ ಕಡೆ. ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಕೈಯಲ್ಲೇ ಅಡಿಕೆ ಸುಲಿಯುತ್ತಿದ್ದ ಹೆಂಗಸರ ಹಾಡು ಕೇಳಿಯೇ ನಾನು ಬರೆಯಲು ಕಲಿತದ್ದು. ಮಷೀನಿನ ಗದ್ದಲದಲ್ಲಿ ಆ ಹಾಡು ಇಲ್ಲ. ಹಾಗಂತ ಬೆರಳು ಕೊಯ್ದುಕೊಂಡು ಕೂತವರಿಗೆ “ಹಾಡು ಉಳಿಸಿ” ಅನ್ನಲು ಬಾಯಿ ಬರುವುದಿಲ್ಲ. ಈಗ ಸುಲಿಯಲು ಜನವೂ ಸಿಗುವುದಿಲ್ಲ.

ಇನ್ನು ದುಡ್ಡು. ಅಂಕಣದಿಂದ ಪೆಟ್ರೋಲ್ ಖರ್ಚು, ಹಾಡಿನಿಂದ ಶಾಲು-ಹಾರ, ಊಟಕ್ಕೆ ತೋಟ. ಅಡಿಕೆ ರೇಟು ಬಿದ್ದ ವರ್ಷ ಹಾಡು ಜಾಸ್ತಿ ಬರುತ್ತಾ ಅಂತಲೂ ಕೇಳುತ್ತಾರೆ. ಇಲ್ಲ. ಆ ವರ್ಷ ಹೊಸ ಮಷೀನು ಯಾರೂ ಕೊಳ್ಳುವುದಿಲ್ಲ, ಹಳೆಯದರ ರಿಪೇರಿಯೇ ಜಾಸ್ತಿ.