ಡಿಎಪಿ ಮಾರುವವನ ಮನೆಯಲ್ಲಿ ಪಾಚಿ

ಬಾಕಿ ಲೆಕ್ಕ ಮುಗಿಸಲು ಮನೆಗೆ ಬಂದಿದ್ದ ಕಾಕಾ ಒಬ್ಬರು ಚಹಾ ಕಪ್ ಹಿಡಿದುಕೊಂಡೇ ನನ್ನ ಟ್ಯಾಂಕಿನ ಮುಂದೆ ನಿಂತರು. ಎಲ್ಲರೂ ಮೀನು ನೋಡುತ್ತಾರೆ. ಇವರು ಕಲ್ಲು ನೋಡಿದರು.

'ಇದು ನಮ್ಮ ಗದ್ದಿ ಪಾಚಿ ಇದ್ದಂಗ ಅದಲ್ರೀ ಸಾವ್ಕಾರ. ಮೈಲುತುತ್ತ ಅರಿವ್ಯಾಗ ಕಟ್ಟಿ ನೀರಾಗ ಇಳಿಬಿಡ್ರಿ. ಮೂರು ದಿನದಾಗ ಕ್ಲೀನ್.'

ಅವರು ಹೇಳಿದ್ದು ಸುಳ್ಳಲ್ಲ. ಸಿಂಧನೂರು ಕಡೆ ಗದ್ದೆಯಲ್ಲಿ ಪಾಚಿ ಕಟ್ಟಿದರೆ ನೀರು ಒಳಗೆ ಬರುವ ಬಾಯಿಗೆ ಮೈಲುತುತ್ತದ ಗಂಟು ಇಡುವುದು ಉಂಟು. ನಾನೇ ಎಷ್ಟೋ ಜನಕ್ಕೆ ಮಾರಿದ್ದೇನೆ. ಆದರೆ ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಸಮುದ್ರದ ನೀರಿನ ಟ್ಯಾಂಕಿಗೆ ತಾಮ್ರ ಬಿದ್ದರೆ ಪಾಚಿಗಿಂತ ಮೊದಲು ಬಸವನಹುಳು, ಏಡಿ, ಹವಳ ಎಲ್ಲ ಸಾಯುತ್ತವೆ. ಮೇಲಾಗಿ ಅದು ಕಲ್ಲಿಗೆ, ಮರಳಿಗೆ ಅಂಟಿಕೊಂಡು ಎಷ್ಟೋ ಕಾಲ ಹಾಗೇ ಉಳಿದುಬಿಡುತ್ತದೆ. ಕಾಕಾಗೆ ಅಷ್ಟು ಹೇಳಿದೆ. 'ಮತ್ತ ಗೊಬ್ಬರ ಕಡಿಮಿ ಹಾಕ್ರಿ' ಅಂದು ಚಹಾ ಮುಗಿಸಿದರು.

ನಾನು ಗೊಬ್ಬರದ ಅಂಗಡಿಯವನು. ಬೆಳಗಿನಿಂದ ಸಂಜೆವರೆಗೆ 'ಯೂರಿಯಾ ಜಾಸ್ತಿ ಸುರೀಬೇಡ್ರಿ, ಜಿಗಿಹುಳು ಬೀಳ್ತಾವ' ಅಂತ ರೈತರಿಗೆ ಹೇಳುವವನು. ಮನೆಗೆ ಬಂದು ಅದೇ ತಪ್ಪು ಮಾಡುತ್ತಿದ್ದೆ. ಅದು ಹೇಗೆ ಅಂತ ಗೊತ್ತಾಗಲು ಒಂದು ಬೇಸಿಗೆ ಪೂರ್ತಿ ಹೋಯಿತು.

ಟ್ಯಾಂಕ್ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 190 ಲೀಟರ್. ಕೆಳಗಿನ ಕಪಾಟಿನಲ್ಲಿ ಸಂಪ್, ಅಂದರೆ ಟ್ಯಾಂಕಿನ ನೀರು ಹಾದುಹೋಗುವ ಇನ್ನೊಂದು ತೊಟ್ಟಿ, ಮತ್ತೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್. ಎರಡು ಕ್ಲೌನ್ ಮೀನು, ಕಲ್ಲು ಕೆರೆದು ತಿನ್ನುವ ಒಂದು ಬ್ಲೆನಿ, ಟರ್ಬೊ ಬಸವನಹುಳುಗಳು, ಮೆತ್ತನೆಯ ಹವಳಗಳು, ಅಂದರೆ ಝೋವಾ, ಮಶ್ರೂಮ್, ಲೆದರ್. ಕಲ್ಲು ಒಣ ಕಲ್ಲು, ಕಡಲಿನಿಂದ ಜೀವ ಸಮೇತ ತಂದದ್ದಲ್ಲ. ನಮ್ಮ ಕಡಲಿನ ಗಟ್ಟಿ ಹವಳ ಕಿತ್ತು ತರುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಯಾರಾದರೂ 'ಕಡಿಮೆ ರೇಟಿಗೆ ಕೊಡ್ತೀನಿ' ಅಂದರೆ ದೂರ ಇರಿ.

ಮಾರ್ಚ್ ಕೊನೆಗೆ ಕಲ್ಲಿನ ಮೇಲೆ ಹಸಿರು ಕೂದಲು ಕಾಣಿಸಿತು. ಏಪ್ರಿಲ್ ಮಧ್ಯಕ್ಕೆ ಅದು ಬೆರಳುದ್ದ. ಪಂಪಿನ ಅಲೆಗೆ ಗಾಳಿಗೆ ಬಾಗುವ ಸಸಿಮಡಿಯ ಹಾಗೆ ತೂಗುತ್ತಿತ್ತು. ಸುಳ್ಳು ಯಾಕೆ, ನೋಡಲು ಚೆನ್ನಾಗೇ ಇತ್ತು. ಅದರ ಕೆಳಗೆ ಝೋವಾಗಳು ಬಾಯಿ ಮುಚ್ಚಿಕೊಂಡು ಕೂತಿದ್ದವು.

ಟೆಸ್ಟ್ ಕಿಟ್ ತೆಗೆದೆ. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ 10 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 10 ಮಿಲಿಗ್ರಾಂ. ಫಾಸ್ಫೇಟ್ 0.02. ಪುಸ್ತಕದ ಲೆಕ್ಕದಲ್ಲಿ ಎರಡೂ ಪಾಸ್. ಮತ್ತೆ ಈ ಕೂದಲು ಏನು ತಿಂದು ಬೆಳೀತಿದೆ?

ಉತ್ತರ ಸುಲಭ, ಆದರೆ ನನಗೆ ಹೊಳೆಯಲು ತಡವಾಯಿತು. ಬೆಳೆ ಗೊಬ್ಬರ ಎಳೆದುಕೊಂಡ ಮೇಲೆ ಮಣ್ಣು ಟೆಸ್ಟ್ ಮಾಡಿದರೆ ಮಣ್ಣಿನಲ್ಲಿ ಏನು ಸಿಗುತ್ತದೆ? ನೀರಿಗೆ ಬಂದ ಫಾಸ್ಫೇಟನ್ನು ಪಾಚಿ ಬಂದ ಹಾಗೇ ನುಂಗುತ್ತಿತ್ತು. ಕಿಟ್ ತೋರಿಸುವುದು ಪಾಚಿ ಬಿಟ್ಟ ಎಂಜಲನ್ನು ಮಾತ್ರ.

ಹಾಗಾದರೆ ಎಲ್ಲಿಂದ ಬರುತ್ತಿದೆ? ಒಂದು ದಾರಿ ನೀರು. ಏಪ್ರಿಲ್‌ನಲ್ಲಿ ನಮ್ಮಲ್ಲಿ 42 ಡಿಗ್ರಿ. ಟ್ಯಾಂಕ್ 26ರ ಆಸುಪಾಸು ಇರಬೇಕು. ರೂಮಿಗೆ ಎಸಿ ಇದೆ, ಆದರೆ ಇಡೀ ದಿನ ಓಡಿಸಿದರೆ ಬಿಲ್ ನೋಡಿ ನಾನೇ ತಣ್ಣಗಾಗುತ್ತೇನೆ. ಹಾಗಾಗಿ ಹಗಲು ನೀರಿನ ಮೇಲೆ ಎರಡು ಫ್ಯಾನ್. ಒಣ ಗಾಳಿಯಲ್ಲಿ ಫ್ಯಾನ್ 2-3 ಡಿಗ್ರಿ ಇಳಿಸುತ್ತದೆ, ಆದರೆ ದಿನಕ್ಕೆ 5 ಲೀಟರ್ ನೀರು ಆರಿ ಹೋಗುತ್ತದೆ. ಉಪ್ಪು ಆರುವುದಿಲ್ಲ, ಅದಕ್ಕೇ ಸಿಹಿನೀರನ್ನೇ ತುಂಬಬೇಕು. ಅದೂ ಡಿಐ ರೆಸಿನ್ (ನೀರಿನಲ್ಲಿ ಕರಗಿದ ಲವಣ ಹಿಡಿಯುವ ಕಾಳು) ದಾಟಿ ಬಂದ, ಟಿಡಿಎಸ್ (ಕರಗಿದ ಲವಣದ ಅಳತೆ) ಸೊನ್ನೆಯ ನೀರು. ನನ್ನ ರೆಸಿನ್ ಮುಗಿದಿತ್ತು, ಪಾರ್ಸಲ್ ತಡವಾಯಿತು. 'ಸುಮ್ನೆ ಒಂದೆರಡು ದಿನ' ಅಂತ ಕುಡಿಯುವ ಫಿಲ್ಟರ್ ನೀರಿನ ಕ್ಯಾನ್ ಸುರಿದೆ. ಕುಡಿಯಲು ಒಳ್ಳೆಯ ನೀರೇ, ಮೀಟರಿನಲ್ಲಿ 80. ಆದರೆ ಒಂದೆರಡು ದಿನ ಎರಡು ತಿಂಗಳಾಯಿತು. ದಿನಕ್ಕೆ 5 ಲೀಟರ್ ಅಂದರೆ 300 ಲೀಟರ್. ಟ್ಯಾಂಕಿಗಿಂತ ಜಾಸ್ತಿ! ನೀರು ಹಾರಿ ಹೋಯಿತು, ಅದರಲ್ಲಿ ಇದ್ದದ್ದೆಲ್ಲ ಇಲ್ಲೇ ಉಳಿಯಿತು.

ಎರಡನೆಯದು ಊಟ. ಮೈಸಿಸ್ ಸಿಗಡಿಯ ಐಸ್ ಕ್ಯೂಬನ್ನು ಹಾಗೇ ಹಾಕುತ್ತಿದ್ದೆ. ಕರಗಿದ ಆ ಕೆಸರು ನೀರು ಮೀನಿನ ಹೊಟ್ಟೆಗೆ ಹೋಗುವುದಿಲ್ಲ, ನೇರ ಪಾಚಿಗೆ. ಈಗ ಚಹಾ ಸೋಸುವ ಜರಡಿಯಲ್ಲಿ ಹಾಕಿ ತೊಳೆದು ಕೊಡುತ್ತೇನೆ. ಜರಡಿ ಬೇರೆಯದು ತಂದಿದ್ದೇನೆ. ತರುವ ಮುಂಚೆ ಎರಡು ದಿನ ಮನೆಯಲ್ಲಿ ನನಗೆ ಚಹಾ ಸಿಕ್ಕಿರಲಿಲ್ಲ.

ಮೂರನೆಯದು ಹೇಳಲು ನಾಚಿಕೆ. ಅಂಗಡಿಯಲ್ಲಿ ಚೀಲ ಎತ್ತಿಳಿಸಿ, ಸಂಜೆ ಬಂದು ನಲ್ಲಿಯಲ್ಲಿ ಬೆರಳು ತೊಳೆದ ಶಾಸ್ತ್ರ ಮಾಡಿ, ಮೊಳಕೈವರೆಗೆ ಟ್ಯಾಂಕಿನಲ್ಲಿ ಇಳಿಸುತ್ತಿದ್ದೆ. ಒಂದು ದಿನ ಅಂಗಡಿಯಲ್ಲೇ ಲೆಕ್ಕ ಹಾಕಿದೆ. ಡಿಎಪಿ ಚೀಲದ ಮೇಲೆ 18:46 ಅಂತ ಇರುತ್ತದೆ, ನೂರಕ್ಕೆ 18 ಸಾರಜನಕ, 46 ರಂಜಕ. ಆ 46 P2O5 ಲೆಕ್ಕ, ಟ್ಯಾಂಕಿನ ಫಾಸ್ಫೇಟ್ ಲೆಕ್ಕಕ್ಕೆ ತಂದರೆ ಸುಮಾರು 62. ನನ್ನ ಇಡೀ ಟ್ಯಾಂಕಿನ ಫಾಸ್ಫೇಟನ್ನು 0.1 ಪಿಪಿಎಂ ಏರಿಸಲು ಬೇಕಾದದ್ದು ಸುಮಾರು 20 ಮಿಲಿಗ್ರಾಂ ಫಾಸ್ಫೇಟ್. ಅಂದರೆ 30 ಚಿಲ್ಲರೆ ಮಿಲಿಗ್ರಾಂ ಡಿಎಪಿ. ಒಂದೆರಡು ಕಾಳು, ಅಷ್ಟೇ! ಕಿಸೆ ಝಾಡಿಸಿದರೆ ಅದಕ್ಕಿಂತ ಜಾಸ್ತಿ ಬೀಳುತ್ತವೆ. ಪಾಚಿ ಬಂದಿದ್ದು ನನ್ನ ಕೈಯಿಂದಲೇ ಅಂತ ಹೇಳಲಾರೆ. ಆದರೆ ಅವತ್ತಿನಿಂದ ಮೊದಲು ಸ್ನಾನ, ಆಮೇಲೆ ಟ್ಯಾಂಕ್.

ಕಾರಣ ನಿಲ್ಲಿಸಿದೆ. ಬೆಳೆದದ್ದನ್ನು ಕೀಳಬೇಕಲ್ವಾ? ಒಂದೊಂದೇ ಕಲ್ಲು ಎತ್ತಿ, ಬದಲಿಸಲು ತೆಗೆದ ಹಳೆಯ ಉಪ್ಪುನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಟ್ಯಾಂಕಿನೊಳಗೇ ತಿಕ್ಕಬೇಡಿ, ಚೂರುಗಳು ಹಾರಿ ಬೇರೆ ಕಲ್ಲಿಗೆ ನಾಟಿ ಮಾಡಿದಂತೆ ಆಗುತ್ತದೆ. ಬೆರಳಿಗೆ ಸುತ್ತಿ ಎಳೆದರೆ ಬುಡದಿಂದ ಬರುತ್ತದೆ, ಕಳೆ ಕಿತ್ತ ಹಾಗೆ 'ಚರ್' ಅನ್ನುವುದು ಕೈಗೆ ಗೊತ್ತಾಗುತ್ತದೆ. ಮುಗಿಸುವಷ್ಟರಲ್ಲಿ ಬಕೆಟ್ ನೀರು ಪಾಲಕ್ ಸಾರು.

ವಾರ ಬಿಟ್ಟು ನೋಡಿದರೆ ಫಾಸ್ಫೇಟ್ 0.2. ತಿನ್ನುವವರು ಹೋದರು, ಕಲ್ಲು ಒಳಗೆ ಹಿಡಿದಿಟ್ಟದ್ದನ್ನು ಬಿಡತೊಡಗಿತು. ಸುಣ್ಣದ ಕಲ್ಲಿಗೆ ಫಾಸ್ಫೇಟ್ ಅಂಟುತ್ತದೆ, ನಿಧಾನಕ್ಕೆ ಬಿಡುತ್ತದೆ. ನಮ್ಮ ಎರೆಭೂಮಿ ಇದ್ದ ಹಾಗೆ.

ಇಲ್ಲಿ ನಾನು ಆಸೆಬುರುಕನಾದೆ. ಜಿಎಫ್‌ಒ ಅಂತ ಬರುತ್ತದೆ, ಕಬ್ಬಿಣದ ತುಕ್ಕಿನ ಕಾಳು, ಫಾಸ್ಫೇಟ್ ಹೀರುತ್ತದೆ. ಸಂಡೂರಿನ ಕೆಂಪು ಅದಿರಿನ ದೂರದ ನೆಂಟ, ರೇಟು ಮಾತ್ರ ಬೆಳ್ಳಿಯದು. ಹೇಳಿದ ಅಳತೆಗೆ ಎರಡರಷ್ಟು ಹಾಕಿದೆ. ಹತ್ತು ದಿನದಲ್ಲಿ ಫಾಸ್ಫೇಟ್ ಸೊನ್ನೆ. ವಾರ ವಾರ ಜಾಸ್ತಿ ನೀರು ಬದಲಿಸುತ್ತಿದ್ದೆನಲ್ಲ, ನೈಟ್ರೇಟೂ ಸೊನ್ನೆ. ಹೆಂಡತಿಗೆ ಕರೆದು ತೋರಿಸಿದೆ.

ಮತ್ತೆರಡು ವಾರಕ್ಕೆ ಮರಳಿನ ಮೇಲೆ ಕಂದು ಲೋಳೆ. ಬೆಳಿಗ್ಗೆ ಕಡಿಮೆ, ಮಧ್ಯಾಹ್ನ ಲೈಟಿನ ಕೆಳಗೆ ಸಿಂಬಳದ ಎಳೆಯ ಹಾಗೆ, ತುದಿಗೆ ಗಾಳಿಗುಳ್ಳೆ. ಡೈನೋ. ಡೈನೋಫ್ಲಾಜೆಲೇಟ್. ಬೇರೆ ಯಾವ ಪಾಚಿಗೂ, ಬ್ಯಾಕ್ಟೀರಿಯಾಕ್ಕೂ ಊಟವಿಲ್ಲದ ನೀರಿನಲ್ಲಿ ಪೈಪೋಟಿಯೇ ಇಲ್ಲದೆ ಮೇಲೇಳುವ ಜಾತಿ. ಕೆಲವು ವಿಷದವೂ ಹೌದು. ನನ್ನ ಎರಡು ಟರ್ಬೊ ಹೋದವು.

ಈಗ ಉಲ್ಟಾ ಕೆಲಸ. ನೀರಿಗೆ ನೈಟ್ರೇಟ್ ಹಾಕಬೇಕು! ಅಂಗಡಿಯಲ್ಲಿ 13:0:45 ಚೀಲಗಟ್ಟಲೆ ಇದೆ, ಅದು ಪೊಟ್ಯಾಸಿಯಂ ನೈಟ್ರೇಟೇ. ಚಮಚ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಬೆಳೆಯ ಗೊಬ್ಬರದಲ್ಲಿ ಬೇರೆ ಏನೇನು ಕಸ ಇರುತ್ತದೋ ಅಂತ ಇಟ್ಟುಬಿಟ್ಟೆ. ಬದಲಿಗೆ ಜಿಎಫ್‌ಒ ತೆಗೆದೆ, ನೀರು ಬದಲಿಸುವುದು ನಿಲ್ಲಿಸಿದೆ, ಮೀನಿಗೆ ದಿನಕ್ಕೆ ಮೂರು ಸಲ ಊಟ. ಲೈಟ್ ಆರಿಸಿ ಮೂರು ದಿನ ಟ್ಯಾಂಕಿಗೆ ಭತ್ತದ ರಾಶಿಗೆ ಹೊದಿಸುವ ತಾಡಪತ್ರಿ ಹೊದಿಸಿದೆ. ಸಂಪಿಗೆ ಯುವಿ ಲೈಟ್ ಹಾಕಿದೆ. ಎರಡು ತಿಂಗಳು ಹಿಡಿಯಿತು.

ಈಗ ನೈಟ್ರೇಟ್ 5, ಫಾಸ್ಫೇಟ್ 0.05. ಇದರ ಕೆಳಗೆ ಇಳಿಯಲು ಬಿಡುವುದಿಲ್ಲ. ಲೈಟ್ ದಿನಕ್ಕೆ 8 ಗಂಟೆ. ಗಾಜಿನ ಮೂಲೆಯಲ್ಲಿ ಸ್ವಲ್ಪ ಹಸಿರು ಇದೆ, ಇರಲಿ, ಬ್ಲೆನಿಗೂ ಹೊಟ್ಟೆ ಇದೆ. ಸಂಪಿನಲ್ಲಿ ಕೀಟೋಮಾರ್ಫಾ ಅನ್ನುವ ಒಳ್ಳೆಯ ಪಾಚಿ ಸಾಕಿದ್ದೇನೆ, ಪಾತ್ರೆ ತಿಕ್ಕುವ ಹಸಿರು ನಾರಿನ ಉಂಡೆಯಂತೆ ಇರುತ್ತದೆ. ರಾತ್ರಿ ಅದಕ್ಕೆ ಲೈಟ್. ಮೇಲೆ ಬೆಳೆಯಬೇಕಾದ ಕಳೆ ಅಲ್ಲಿ ಬೆಳೆಯುತ್ತದೆ, ಹದಿನೈದು ದಿನಕ್ಕೊಮ್ಮೆ ಅರ್ಧ ಕಿತ್ತು ಹೊರಗೆ ಹಾಕಿದರೆ ಅದು ತಿಂದ ಗೊಬ್ಬರವೂ ಹೊರಗೆ.

ಹೋದ ಭಾನುವಾರ ಕಿತ್ತದ್ದನ್ನು ಹಿಂಡಿ ತೂಗಿದೆ, 210 ಗ್ರಾಂ. ಕಾಕಾ ಮತ್ತೆ ಬಂದಿದ್ದರು, ಈ ಸಲ ಯೂರಿಯಾಕ್ಕೆ. ಉಂಡೆ ಕೈಯಲ್ಲಿ ಹಿಡಿದು ಮೂಸಿ ನೋಡಿ, 'ಎಮ್ಮಿ ತಿಂತಾವೇನ್ರೀ ಇದನ್ನ?' ಅಂದರು.

'ಉಪ್ಪು ಅದ ಕಾಕಾ.'

'ತೊಳದು ಹಾಕ್ತೀನಿ ಬಿಡ್ರಿ' ಅಂತ ಟವಲಿನಲ್ಲಿ ಕಟ್ಟಿಕೊಂಡು ಹೋದರು. ಎಮ್ಮೆ ತಿಂದಿತೋ ಇಲ್ಲವೋ, ಇನ್ನೂ ಫೋನ್ ಬಂದಿಲ್ಲ.