ಕುರ್ಲಾ ಬರುವ ಮೊದಲೇ ಎದ್ದವರು

ಮುಂಬೈನ ವಡಾಲದ ನಮ್ಮ ಕನ್ನಡ ಶಾಲೆಯಲ್ಲಿ ವಿಜ್ಞಾನದ ಸರ್ ಒಂದು ದಿನ ಪುಸ್ತಕ ಮುಚ್ಚಿಟ್ಟು ಕೇಳಿದರು: ಪರಿಣಾಮ ಮೊದಲು, ಕಾರಣ ಆಮೇಲೆ, ಹೀಗಾಗುತ್ತಾ? ಕಿಟಕಿ ಪಕ್ಕದ ಹುಡುಗ ತಟ್ಟನೆ ಎದ್ದ. "ಆಗುತ್ತೆ ಸರ್. ಲೋಕಲ್ ಟ್ರೈನ್‌ನಲ್ಲಿ ಚೂನಾಭಟ್ಟಿ ಸ್ಟೇಷನ್ ದಾಟಿದ ಕೂಡಲೇ ಜನ ಎದ್ದು ಬಾಗಿಲಿಗೆ ಬರ್ತಾರೆ. ಕುರ್ಲಾ ಆಮೇಲೆ ಬರುತ್ತೆ." ಕ್ಲಾಸೆಲ್ಲ ನಕ್ಕಿತು. ಸರ್ ಮಾತ್ರ ಅದೇ ಉತ್ತರ ಹಿಡಿದುಕೊಂಡು ಇಡೀ ಪೀರಿಯಡ್ ಮಾತಾಡಿದರು. ಅವರನ್ನು ಎಬ್ಬಿಸಿದ್ದು ಕುರ್ಲಾ ಅಲ್ಲ, ಕುರ್ಲಾ ಬರುತ್ತೆ ಅನ್ನುವ ತಿಳಿವಳಿಕೆ, ಅದು ತಲೆಯಲ್ಲಿ ಮೊದಲೇ ಇತ್ತು. ಸಿಗ್ನಲ್ ಸಿಗದೆ ಗಾಡಿ ನಡುವೆಯೇ ನಿಂತರೂ ಎದ್ದವರು ಎದ್ದೇ ಇರುತ್ತಾರೆ, ಅಲ್ವಾ?

ನನಗೆ ಬೇರೆ ಯೋಚನೆ ಹತ್ತಿತು. ಅಕ್ಕನ ಹತ್ತನೇ ಕ್ಲಾಸಿನ ರಿಸಲ್ಟ್ ದಿನ ಬೆಳಿಗ್ಗೆ ಅಮ್ಮ ವಿಠ್ಠಲನಿಗೆ ಹರಕೆ ಹೊತ್ತಿದ್ದರು. ಅಷ್ಟೊತ್ತಿಗೆ ಪೇಪರ್ ತಿದ್ದಿ, ಮಾರ್ಕ್ಸ್ ಕೂಡಿಸಿ ಎಲ್ಲ ಮುಗಿದಿತ್ತಲ್ಲ! ಸರ್‌ಗೆ ಕೇಳಿದೆ. ಅವರು ಸುಮ್ನೆ ಏನೋ ಹೇಳಿ ಕೂರಿಸಲಿಲ್ಲ. "ನನಗೂ ಉತ್ತರ ಗೊತ್ತಿಲ್ಲ, ಬಿಡಬೇಡ ಇದನ್ನ" ಅಂದರು.

ಬಿಡಲಿಲ್ಲ. ಮೈಕೆಲ್ ಡಮ್ಮೆಟ್ ಎಂಬ ಇಂಗ್ಲಿಷ್ ತತ್ವಜ್ಞಾನಿ 1954ರಲ್ಲೇ ಇದನ್ನು ಕೇಳಿದ್ದರು ಅಂತ ಕಾಲೇಜಿನಲ್ಲಿ ಗೊತ್ತಾಯಿತು. 1964ರ ಲೇಖನದಲ್ಲಿ ಅವರು ಒಂದು ಕತೆ ಕಟ್ಟುತ್ತಾರೆ. ಹುಡುಗರು ಸಿಂಹದ ಬೇಟೆಗೆ ಹೋಗುತ್ತಾರೆ: ಹೋಗಲು 2 ದಿನ, ಬೇಟೆ 2 ದಿನ, ವಾಪಸ್ ಬರಲು 2 ದಿನ. ಅವರಿಗೆ ಧೈರ್ಯ ಬರಲಿ ಅಂತ ಊರಲ್ಲಿ ನಾಯಕ ಕುಣಿಯುತ್ತಾನೆ, ಆರೂ ದಿನ. ಬೇಟೆ ಮುಗಿದ ಮೇಲೂ ಕುಣಿತ ಯಾಕೆ? ಥೇಟ್ ಅಮ್ಮನ ಹರಕೆ! 1956ರಲ್ಲಿ ಮ್ಯಾಕ್ಸ್ ಬ್ಲ್ಯಾಕ್ ಎಂಬ ಇನ್ನೊಬ್ಬ ತತ್ವಜ್ಞಾನಿ ಇಂಥದ್ದಕ್ಕೆ ಒಂದು ಪರೀಕ್ಷೆ ಹೇಳಿದ್ದರು: ಫಲ ಮೊದಲು ನೋಡಿಕೋ, ಆಮೇಲೆ ಬೇಕಂತಲೇ ಕಾರಣವನ್ನು ತಪ್ಪಿಸು. ಹುಡುಗರು ಧೈರ್ಯದಿಂದ ಹೊಡೆದರು ಅಂತ ಸುದ್ದಿ ಬಂದ ಮೇಲೆ ನಾಯಕ ಕುಣಿಯದೆ ಕೂತರೆ, ಧೈರ್ಯ ಆ ಕುಣಿತದಿಂದ ಬಂದದ್ದಲ್ಲ. ಡಮ್ಮೆಟ್ ಅಷ್ಟಕ್ಕೆ ಸೋಲುವುದಿಲ್ಲ. ಸುದ್ದಿ ಮೊದಲೇ ಸಿಗದ ಕಡೆ, ಏನಾಯಿತು ಅಂತ ಗೊತ್ತಿಲ್ಲದೆ ಕುಣಿಯುವವನ ನಂಬಿಕೆಯನ್ನು ಸುಲಭವಾಗಿ ತಳ್ಳಿಹಾಕಲು ಆಗದು ಅನ್ನುತ್ತಾರೆ.

ನಾನು ಬ್ಲ್ಯಾಕ್ ಕಡೆ. ಮಾರ್ಕ್ಸ್ ಅಮ್ಮನಿಗೆ ಗೊತ್ತಿರಲಿಲ್ಲ ನಿಜ, ಆದರೆ ಬೋರ್ಡಿನಲ್ಲಿ ಯಾರಿಗೋ ಗೊತ್ತಿತ್ತು, ಅವರು ಹಿಂದಿನ ರಾತ್ರಿಯೇ ಬಂದು ಹೇಳಿಬಿಡಬಹುದಿತ್ತು. ಹಾಗೆ ಮೊದಲೇ ಇಣುಕಿ ನೋಡಬಹುದಾದ ಕಡೆ ಇವತ್ತಿನ ಹರಕೆ ನಿನ್ನೆಯ ಮಾರ್ಕ್ಸನ್ನು ಮುಟ್ಟುವುದಿಲ್ಲ. ಸಣ್ಣ ಕಣಗಳ ಮಟ್ಟದಲ್ಲಿ ಪರಿಣಾಮ ಮೊದಲು, ಕಾರಣ ಆಮೇಲೆ ಆಗಬಹುದು ಅನ್ನುವ ಭೌತವಿಜ್ಞಾನಿಗಳು ಈಗಲೂ ಇದ್ದಾರೆ, ಅವರ ವಾದ ಓದುತ್ತಾ ಇದ್ದೇನೆ. ಶಾಲೆಯ ಮಕ್ಕಳು ಯಾರಾದರೂ ಕೇಳಿದರೆ ಕೂತು ಮಾತಾಡಲು ಖಂಡಿತ ಬರುತ್ತೇನೆ, ಶನಿವಾರ ಮಧ್ಯಾಹ್ನ ಆದರೆ ಒಳ್ಳೆಯದು.