ಎಡಿನ್‌ಬರೋದಲ್ಲಿ ಶಿವಮೊಗ್ಗದ ಗಿಡಗಳು: ಹಳೆಯ ಸಸ್ಯಚಿತ್ರಗಳನ್ನು ನೋಡಲು ಹೋಗುವವರಿಗೆ

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋಗುವ ನಮ್ಮವರಲ್ಲಿ ಹೆಚ್ಚಿನವರು ಕೋಟೆಯನ್ನೂ ಹಳೆಯ ಪೇಟೆಯನ್ನೂ ನೋಡಿಕೊಂಡು ಮರಳುತ್ತಾರೆ. ಆದರೆ ಆ ಊರಿನ ರಾಯಲ್ ಬೊಟಾನಿಕ್ ಗಾರ್ಡನ್ನಿನ ಸಂಗ್ರಹದಲ್ಲಿ, ಶಿವಮೊಗ್ಗದ ಸುತ್ತಮುತ್ತ ಬೆಳೆಯುತ್ತಿದ್ದ ಗಿಡಮರಗಳನ್ನು ಎದುರಿಗಿಟ್ಟುಕೊಂಡು 1840ರ ದಶಕದಲ್ಲಿ ಬರೆದ ಚಿತ್ರಗಳಿವೆ. ನಾನು ಅಲ್ಲಿಗೆ ಹೋದದ್ದು ಅವುಗಳಿಗಾಗಿಯೇ. ಸಸ್ಯಗಳಲ್ಲಿ ಆಸಕ್ತಿಯಿರುವ ಮಲೆನಾಡಿನವರು ಅವಕಾಶ ಸಿಕ್ಕರೆ ಈ ಪ್ರಯಾಣವನ್ನು ಮಾಡಲೇಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಈ ಪ್ರಯಾಣದ ಮುಖ್ಯ ಕೆಲಸವೆಲ್ಲ ವಿಮಾನ ಹತ್ತುವ ಮೊದಲೇ ಮುಗಿದಿರಬೇಕು.

ಚಿತ್ರಗಳನ್ನು ಬರೆಸಿದವರು ಹ್ಯೂ ಕ್ಲೆಗ್‌ಹಾರ್ನ್. 1820ರಲ್ಲಿ ಮದ್ರಾಸಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಶಿಕ್ಷಣ ಪಡೆದು, ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮರಳಿ ಬಂದ ಅವರಿಗೆ ಮೈಸೂರು ಸಂಸ್ಥಾನದ ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿತು. ದಿನಕ್ಕೊಂದು ಗಿಡವನ್ನಾದರೂ ಗಮನವಿಟ್ಟು ನೋಡಬೇಕೆಂಬ ನಿಯಮವನ್ನು ಹಾಕಿಕೊಂಡ ಅವರು ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡು, ಆಗತಾನೆ ಕಿತ್ತು ತಂದ ಗಿಡಗಳನ್ನು ಬಾಡುವ ಮುನ್ನವೇ ಚಿತ್ರಿಸಿಸಿದರು. ಆ ಚಿತ್ರಕಾರನ ಹೆಸರು ದಾಖಲೆಗಳಲ್ಲಿ ಉಳಿದಿಲ್ಲ. ಕಾಡು ಕಡಿಯುವುದರ ದುಷ್ಪರಿಣಾಮಗಳ ಬಗ್ಗೆ ಮುಂದೆ ಬರೆದು, 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ, ಬೆಂಗಳೂರಿನ ಲಾಲ್‌ಬಾಗಿನ ಬೆಳವಣಿಗೆಗೂ ಸಲಹೆ ನೀಡಿದ ವ್ಯಕ್ತಿಯ ಸಸ್ಯಪರಿಚಯಕ್ಕೆ ಹೆಸರಿಲ್ಲದ ಆ ಕೈಯ ಕೆಲಸವೇ ಆಧಾರವಾಯಿತು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಅದೇ ಸಂಗ್ರಹದಲ್ಲಿ ಹೆಸರು ಉಳಿದವರ ಚಿತ್ರಗಳೂ ಇವೆ. ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರಿಗಾಗಿ ಕೆಲಸ ಮಾಡಿದ ರಂಗಯ್ಯ ಮತ್ತು ಗೋವಿಂದು ಎಂಬ ಚಿತ್ರಕಾರರ ರಚನೆಗಳನ್ನು ತಪ್ಪದೆ ಕೇಳಿ ನೋಡಿರಿ. ಗೋವಿಂದು ಅವರು ಮುಂದೆ ಕ್ಲೆಗ್‌ಹಾರ್ನ್ ಅವರಿಗೂ ಚಿತ್ರ ಬರೆದರು. ವೈಟ್ ಅವರು ಸೀತಾಳೆ (ಆರ್ಕಿಡ್) ಜಾತಿಯ ಒಂದು ಕುಲಕ್ಕೆ ಗೋವಿಂದೂಯಿಯ ಎಂದು ಹೆಸರಿಟ್ಟು ಅವರನ್ನು ಗೌರವಿಸಿದರು. ಶಿವಮೊಗ್ಗದ ಚಿತ್ರಗಳನ್ನೂ ಗೋವಿಂದು ಅವರ ಚಿತ್ರಗಳನ್ನೂ ಒಂದೇ ಭೇಟಿಯಲ್ಲಿ ನೋಡಿದರೆ, ಮೊದಲನೆಯವು ಗಿಡದ ಒಟ್ಟು ನಿಲುವನ್ನು ಹಿಡಿಯುವುದಕ್ಕೂ ಎರಡನೆಯವು ಹೂವನ್ನು ಬಿಡಿಸಿ ಅದರ ಒಳಭಾಗಗಳನ್ನು ತೋರಿಸುವುದಕ್ಕೂ ಒತ್ತು ಕೊಟ್ಟಿರುವುದು ನನಗೆ ಕಂಡಿತು.

ಈ ಚಿತ್ರಗಳನ್ನು ಗೋಡೆಯ ಮೇಲೆ ತೂಗುಹಾಕಿಲ್ಲ. ಜಲವರ್ಣವು ಬೆಳಕಿಗೆ ಮಾಸುವುದರಿಂದ ಅವನ್ನು ಕತ್ತಲಿನ ಪೆಟ್ಟಿಗೆಗಳಲ್ಲಿ ಇಡುತ್ತಾರೆ. ಯಾವಾಗಲಾದರೊಮ್ಮೆ ಪ್ರದರ್ಶನಕ್ಕೆ ತೆಗೆಯುವುದುಂಟು. ಆದ್ದರಿಂದ ಚಿತ್ರಗಳಿರುವ ಗ್ರಂಥಾಲಯಕ್ಕೂ ಒಣಗಿಡಗಳ ಸಂಗ್ರಹವಾದ ಹರ್ಬೇರಿಯಂಗೂ ಕೆಲವು ವಾರಗಳ ಮುಂಚೆಯೇ ಬೇರೆಬೇರೆಯಾಗಿ ಪತ್ರ ಬರೆದು, ಯಾವ ದಿನ ಬರುತ್ತೀರಿ, ಏಕೆ ಬರುತ್ತೀರಿ, ಯಾವ ಗಿಡಗಳನ್ನು ನೋಡಬೇಕು ಎಂಬುದನ್ನು ತಿಳಿಸಿ ಸಮಯ ಗೊತ್ತುಮಾಡಿಕೊಳ್ಳಬೇಕು. ಹರ್ಬೇರಿಯಂನಲ್ಲಿ ಸುಮಾರು 30 ಲಕ್ಷ ಮಾದರಿಗಳಿವೆ. "ಕರ್ನಾಟಕದ ಗಿಡಗಳನ್ನೆಲ್ಲ ತೋರಿಸಿ" ಎಂದು ಕೇಳಿದರೆ ಅಲ್ಲಿನವರು ಏನನ್ನೂ ತೋರಿಸಲಾರರು. ಹತ್ತು ಹನ್ನೆರಡು ಗಿಡಗಳ ಖಚಿತವಾದ ಪಟ್ಟಿ ಕೊಟ್ಟರೆ ಮನಃಪೂರ್ವಕವಾಗಿ ನೆರವಾಗುತ್ತಾರೆ.

ಆ ಪಟ್ಟಿಯನ್ನು ಮಾಡುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾದರಿಗಳನ್ನು ಕುಟುಂಬ, ಕುಲ, ಪ್ರಭೇದಗಳ ಕ್ರಮದಲ್ಲಿ ಕಪಾಟುಗಳಲ್ಲಿ ಜೋಡಿಸಿರುವುದರಿಂದ ಮುತ್ತುಗ, ಹೊನ್ನೆ, ಮತ್ತಿ ಎಂಬ ಹೆಸರುಗಳು ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ವೈಜ್ಞಾನಿಕ ಹೆಸರಿನ ಜೊತೆಗೆ ಅದರ ಹಳೆಯ ಹೆಸರೂ ಬೇಕು: ಇಂದು ಬ್ಯೂಟಿಯ ಮೊನೊಸ್ಪರ್ಮ ಎನ್ನುವ ಮುತ್ತುಗವು ಆ ಕಾಲದ ಹಾಳೆಗಳಲ್ಲಿ ಬ್ಯೂಟಿಯ ಫ್ರಾಂಡೋಸ ಆಗಿರುತ್ತದೆ. ಊರುಗಳ ಹೆಸರೂ ಹಾಗೆಯೇ. ಆಗಿನ ಇಂಗ್ಲಿಷ್ ಬರಹದಲ್ಲಿ ಶಿವಮೊಗ್ಗವು ಶೆಮೋಗ ಎಂದೂ, ನಗರ ಎಂಬ ಊರು ನಗ್ಗರ್ ಎಂದೂ, ಕರಾವಳಿಯೆಲ್ಲ ಒಟ್ಟಾಗಿ ಕೆನರಾ ಎಂದೂ ಇರಬಹುದು. ಸಂಸ್ಥೆಯ ಜಾಲತಾಣದಲ್ಲಿ ಮಾದರಿಗಳ ದೊಡ್ಡ ಭಾಗದ ಛಾಯಾಚಿತ್ರಗಳು ಎಲ್ಲರಿಗೂ ಮುಕ್ತವಾಗಿವೆ. ಮೊದಲು ಅಲ್ಲಿ ಹುಡುಕಿ, ಪ್ರತಿ ಹಾಳೆಯ ಮೇಲಿನ ಸಂಖ್ಯೆಯನ್ನು ಬರೆದುಕೊಂಡರೆ ಕೇಳುವವರಿಗೂ ತೆಗೆದುಕೊಡುವವರಿಗೂ ಸಲೀಸು.

ಹರ್ಬೇರಿಯಂ ಹಾಳೆಯನ್ನು ಹಿಂದೆಂದೂ ನೋಡದವರು ಊರಿನಲ್ಲೇ ಒಮ್ಮೆ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಒಳ್ಳೆಯ ಸಂಗ್ರಹವಿದೆ. ಸಂಗ್ರಹಿಸಿದವರ ಮೂಲ ಚೀಟಿ ಯಾವುದು, ನಂತರದ ತಜ್ಞರು ಹೆಸರು ತಿದ್ದಿ ಅಂಟಿಸಿದ ಚೀಟಿ ಯಾವುದು, ಹೊಸ ಪ್ರಭೇದವೊಂದನ್ನು ಮೊದಲು ವರ್ಣಿಸಲು ಆಧಾರವಾದ ಮೂಲಮಾದರಿಯನ್ನು ಹೇಗೆ ಗುರುತಿಸುವುದು ಎಂಬುದನ್ನು ಇಲ್ಲಿಯೇ ಕೇಳಿ ತಿಳಿದುಕೊಂಡರೆ ಅಲ್ಲಿ ಸಿಗುವ ಸಮಯವೆಲ್ಲ ನೋಡುವುದಕ್ಕೇ ಮೀಸಲಾಗುತ್ತದೆ.

ಓದುವ ಕೋಣೆಗೆ ಪೆನ್ನು, ನೀರು, ತಿಂಡಿ ಒಯ್ಯುವಂತಿಲ್ಲ. ಪೆನ್ಸಿಲ್ ಮತ್ತು ಬಿಡಿ ಹಾಳೆಗಳು ಸಾಕು. ಕೈ ತೊಳೆದು ಒರೆಸಿಕೊಂಡು ಕುಳಿತುಕೊಳ್ಳಬೇಕು. ಒಣಗಿಡದ ಹಾಳೆಯನ್ನು ಪುಸ್ತಕದ ಪುಟದಂತೆ ಮಗುಚಬಾರದು. ಎರಡೂ ಕೈಗಳಿಂದ ಅಡಿಯಿಂದ ಎತ್ತಿ, ಮಟ್ಟಸವಾಗಿ ಪಕ್ಕಕ್ಕೆ ಇಡಬೇಕು. ಉದುರಿದ ಎಸಳು, ಬೀಜಗಳನ್ನು ಹಾಳೆಗೆ ಅಂಟಿಸಿದ ಪುಟ್ಟ ಲಕೋಟೆಯಲ್ಲಿ ಇಟ್ಟಿರುತ್ತಾರೆ. ಅದನ್ನು ತೆರೆಯುವ ಮುನ್ನ ಸಿಬ್ಬಂದಿಯನ್ನು ಕೇಳಿರಿ. ಹಳೆಯ ಮಾದರಿಗಳಿಗೆ ಹುಳು ಹಿಡಿಯದಂತೆ ಪಾದರಸದ ಲವಣದಂಥ ವಿಷಗಳನ್ನು ಹಚ್ಚುತ್ತಿದ್ದ ಕಾರಣ ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಊರಿನಿಂದ ಎಲೆ, ಬೀಜ, ಒಣಗಿಡಗಳನ್ನು ಚೀಲದಲ್ಲಿಟ್ಟುಕೊಂಡು ಹೋಗಲೇಬೇಡಿರಿ: ಸುಂಕದ ಕಟ್ಟೆಯಲ್ಲಿಯೂ ತೊಂದರೆ, ಕೀಟಗಳ ಭಯದಿಂದ ಹರ್ಬೇರಿಯಂನಲ್ಲಿಯೂ ಅವಕ್ಕೆ ಪ್ರವೇಶವಿಲ್ಲ.

ಸಾಧ್ಯವಾದರೆ ಒಂದೇ ಪ್ರಭೇದದ ಚಿತ್ರವನ್ನು ಬೆಳಿಗ್ಗೆಯೂ ಒಣ ಮಾದರಿಯನ್ನು ಮಧ್ಯಾಹ್ನವೂ ನೋಡುವಂತೆ ಏರ್ಪಾಡು ಮಾಡಿಕೊಳ್ಳಿರಿ. ಒಣಗಿದ ಮುತ್ತುಗದ ಹೂವು ಕಂದು ಬಣ್ಣಕ್ಕೆ ತಿರುಗಿ, ಒತ್ತಿದಾಗ ಬಾಗಿದ ದಿಕ್ಕಿನಲ್ಲಿಯೇ ಉಳಿದುಬಿಡುತ್ತದೆ. ಅದರ ಕೆಂಡದ ಬಣ್ಣವನ್ನೂ ಗೊಂಚಲು ನಿಲ್ಲುವ ರೀತಿಯನ್ನೂ ಹೇಳಬಲ್ಲದ್ದು ಚಿತ್ರ ಮಾತ್ರ. ಆದರೆ ಎಲೆಯ ಅಡಿಯ ರೋಮಗಳನ್ನು ಮಸೂರದಲ್ಲಿ ನೋಡಬೇಕೆಂದರೆ ಮಾದರಿಗೇ ಹೋಗಬೇಕು. ಎರಡರಲ್ಲಿ ಒಂದನ್ನೇ ನೋಡಿ ಬಂದರೆ ಅರ್ಧ ನೋಡಿದಂತೆ.

ಪ್ರಯಾಣದ ಮಾತು ಹೆಚ್ಚಿಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ನಾಲ್ಕೂವರೆ ಗಂಟೆಯ ದಾರಿ. ಎಡಿನ್‌ಬರೋದ ವೇವರ್ಲಿ ನಿಲ್ದಾಣದಿಂದ ಇನ್ವರ್ಲೀತ್ ರೋ ರಸ್ತೆಯ ಪೂರ್ವ ದ್ವಾರಕ್ಕೆ ಬಸ್ಸಿನಲ್ಲಿಯೂ ಹೋಗಬಹುದು, ಅರ್ಧ ಗಂಟೆ ನಡೆದೂ ತಲುಪಬಹುದು. ತೋಟಕ್ಕೆ ಪ್ರವೇಶ ಉಚಿತ. ಆಗಸ್ಟ್ ತಿಂಗಳಿನಲ್ಲಿ ನಗರದ ಕಲೋತ್ಸವದಿಂದಾಗಿ ಕೊಠಡಿಗಳ ಬಾಡಿಗೆ ವಿಪರೀತವಾಗಿರುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಕಳೆಯುವಷ್ಟರಲ್ಲಿ ಕತ್ತಲಾಗುತ್ತದೆ. ಮೇ ತಿಂಗಳು ಅತ್ಯಂತ ಸೂಕ್ತ. ಆಗ ತೋಟದಲ್ಲಿ ಹಿಮಾಲಯದ ರೋಡೋಡೆಂಡ್ರನ್‌ಗಳು ಹೂಬಿಟ್ಟಿರುವುದನ್ನೂ ನೋಡಬಹುದು.

ಚಿತ್ರಗಳ ಫೋಟೋ ತೆಗೆಯಲು ಅನುಮತಿ ಸಿಕ್ಕರೂ ಫ್ಲ್ಯಾಶ್ ಬಳಸಬಾರದು. ಸ್ವಂತ ಅಧ್ಯಯನಕ್ಕೆ ತೆಗೆದ ಫೋಟೋವನ್ನು ಲೇಖನದಲ್ಲಿ ಅಚ್ಚುಮಾಡಬೇಕಾದರೆ ಬೇರೆಯೇ ಅನುಮತಿ ಬೇಕು. ಅದಕ್ಕೆ ಬೇಕಾಗುವ ಚಿತ್ರಸಂಖ್ಯೆಗಳನ್ನು ಅಲ್ಲಿಂದ ಹೊರಡುವ ಮೊದಲೇ ಒಂದೊಂದಾಗಿ ಬರೆದುಕೊಳ್ಳಿರಿ.